ಅಂಗಡಿ ಬಿಲ್ಲೆಯೋ, ದೇಶಭಕ್ತಿ ಬಿಲ್ಲೆಯೋ?

ಅಮೆರಿಕದ ಅಂತರ್ಯುದ್ಧ ಕಾಲದಲ್ಲಿ ನಾಣ್ಯದ ಬದಲು ಓಡಿದ ಬಿಲ್ಲೆ (ಟೋಕನ್) ಕೂಡಿಸಲು ಹೊರಟರೆ ಮೊದಲು ಎದುರಾಗುವ ಪ್ರಶ್ನೆ ಇದೇ. ಎರಡನ್ನೂ ಕೂಡಿಸಿ ನೋಡಿದ್ದೇನೆ. ನನ್ನ ಮತ ಅಂಗಡಿ ಬಿಲ್ಲೆಗೆ.

1862ರಲ್ಲಿ ಯುದ್ಧಕ್ಕೆ ಹೆದರಿದ ಜನ ನಾಣ್ಯ ಬಚ್ಚಿಟ್ಟರು. ಚಿನ್ನ ಹೋಯಿತು, ಬೆಳ್ಳಿ ಹೋಯಿತು, ಕೊನೆಗೆ ಒಂದು ಸೆಂಟೂ ಪೇಟೆಯಲ್ಲಿ ಸಿಗದಾಯಿತು. ಆಗ ಖಾಸಗಿ ಟಂಕಸಾಲೆಗಳು ಸೆಂಟಿನಷ್ಟೇ ಅಗಲದ, ಸುಮಾರು 19 ಮಿ.ಮೀ. ತಾಮ್ರದ ಬಿಲ್ಲೆ ಒತ್ತಿದವು. ವರ್ತಕರು ಅದನ್ನೇ ಚಿಲ್ಲರೆಯಾಗಿ ಕೊಟ್ಟರು.

ಅಂದಕ್ಕೆ ದೇಶಭಕ್ತಿ ಬಿಲ್ಲೆಯೇ ಮೇಲು: ಧ್ವಜ, ಫಿರಂಗಿ, ವಾಷಿಂಗ್ಟನ್ನರ ಮುಖ. ನನ್ನಲ್ಲಿರುವ ಒಂದರ ಹಿಂಬದಿಗೆ ‘ಒನ್ ಸೆಂಟ್’ ಎಂದು ದಪ್ಪಕ್ಷರ ಇದೆ. ಭೂತಗನ್ನಡಿ ಹಿಡಿದರೆ ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ಸಣ್ಣಗೆ ‘ನಾಟ್’ ಕಾಣುತ್ತದೆ! ಖೋಟಾ ನಾಣ್ಯದ ಆರೋಪ ಬಾರದಿರಲೆಂದು ಹೂಡಿದ ಉಪಾಯ. ಆದರೆ ಕೊಟ್ಟವರು ಯಾರು? ಬಿಲ್ಲೆ ಹೇಳುವುದಿಲ್ಲ.

ನಮಗೆ ಕಲಬುರಗಿಯವರಿಗೆ ಈ ಪ್ರಶ್ನೆ ಸಹಜ. ನಿಜಾಮರ ಕಾಲದಲ್ಲಿ ಇಲ್ಲಿ ಏಳು ಹಾಲಿಗೆ (ನಿಜಾಮರ ರೂಪಾಯಿ) ಆರು ಕಲ್ದಾರ್ (ಬ್ರಿಟಿಷರ ರೂಪಾಯಿ). ಯಾರ ದುಡ್ಡು ಎಂದು ಕೇಳದೆ ಲೆಕ್ಕ ಮುಗಿಯುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ, 1943ರಿಂದ, ತಾಮ್ರ ಉಳಿಸಲು ಬಂದ ತೂತಿನ ಕಾಸು ಇಂದಿಗೂ ಹಳೆ ನಾಣ್ಯ ಮಾರುವವರ ತಟ್ಟೆಯಲ್ಲಿ ಸಿಗುತ್ತದೆ. ಅದರ ಹಿಂದೆ ಸರ್ಕಾರವಿತ್ತು.

ಅಂಗಡಿ ಬಿಲ್ಲೆಯ ಹಿಂದೆ ಒಬ್ಬ ಅಂಗಡಿಕಾರ. ಅವನ ಹೆಸರು, ಕಸುಬು, ಊರು, ಎಷ್ಟೋ ಸಲ ಬೀದಿಯೂ ಅದರಲ್ಲಿರುತ್ತವೆ. ಹೆಸರಿದ್ದ ಮಾತ್ರಕ್ಕೆ ಮಾತು ಉಳಿಯುತ್ತಿತ್ತು ಎಂದಲ್ಲ. ನ್ಯೂಯಾರ್ಕಿನ ಪಾನಗೃಹದ ಮಾಲೀಕ ಲಿಂಡೆನ್‌ಮ್ಯುಲರ್ ಹತ್ತು ಲಕ್ಷಕ್ಕೂ ಹೆಚ್ಚು ಬಿಲ್ಲೆ ಹರಿಬಿಟ್ಟಿದ್ದ. ಅದೇ ಊರಿನ ಟ್ರಾಮ್ ಕಂಪನಿ ಥರ್ಡ್ ಅವೆನ್ಯೂ ರೈಲ್ರೋಡ್, ಪ್ರಯಾಣಿಕರಿಂದ ತನ್ನಲ್ಲಿ ಕೂಡಿದ್ದ ರಾಶಿಗೆ ಹಣ ಕೊಡು ಎಂದಾಗ ಕೈಯೆತ್ತಿಬಿಟ್ಟ. 1864ರಲ್ಲಿ ಕಾನೂನು ಬಂದು ಖಾಸಗಿ ನಾಣ್ಯಗಳೆಲ್ಲ ಬಂದ್. ಲಿಂಡೆನ್‌ಮ್ಯುಲರನ ಗಡ್ಡದ ಮುಖವಿರುವ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡಾಗ ಆ ಜಗಳವೇ ಕೈಗೆ ಬಂದಂತಾಗುತ್ತದೆ. ಇಂಥದ್ದನ್ನು ಯಾವ ಧ್ವಜದ ಬಿಲ್ಲೆಯೂ ನನಗೆ ಕೊಟ್ಟಿಲ್ಲ.

ಸೈನ್ಯದ ಬಿಡಾರದ ವರ್ತಕರ ‘ಸಟ್ಲರ್’ ಬಿಲ್ಲೆ ಮೂರನೆಯ ಜಾತಿ. ಅಪರೂಪ, ದುಬಾರಿ. ಹೊಸಬರು ಸದ್ಯಕ್ಕೆ ಬಿಡಿ.

ಸಂಗ್ರಾಹಕರು ಈ ಬಿಲ್ಲೆ ಗುರುತಿಸಲು ಬಳಸುವ ಫುಲ್ಡ್ ಪಟ್ಟಿಯಲ್ಲಿ ಅಂಗಡಿ ಬಿಲ್ಲೆಗಳು ರಾಜ್ಯ, ಊರುವಾರು ಇವೆ. ಹಾಗಾಗಿ ಒಂದೇ ಊರು ಹಿಡಿದು ಕೂಡಿಸಬಹುದು. ದೇಶಭಕ್ತಿಯವಕ್ಕೆ ಬರೀ ಅಚ್ಚಿನ ಸಂಖ್ಯೆ. ಒಹಾಯೊದ ಸಿನ್ಸಿನಾಟಿಯಿಂದ ಶುರು ಮಾಡಿ, ಅಲ್ಲಿ ಬಗೆ ಬಹಳ. ಮೆತ್ತನೆ ಪಿವಿಸಿ ಚೀಲದಲ್ಲಿ ಮಾತ್ರ ಇಡಬೇಡಿ, ತಾಮ್ರಕ್ಕೆ ಹಸಿರು ಹಿಡಿಯುತ್ತದೆ.