ಸ್ಲೈಡ್ ರಿವ್ಯೂಗೆ ಕೊಟ್ಟ ಬೆಂಗಳೂರಿನ ಲ್ಯಾಬ್: ಮೋಲಾರ್ ಪ್ರೆಗ್ನೆನ್ಸಿ ಅಂತ ರಿಪೋರ್ಟ್ ಬಂದವ್ರು ಓದಿ

ರೇಟಿಂಗ್ 5ಕ್ಕೆ 4. ಮೋಲಾರ್ ಪ್ರೆಗ್ನೆನ್ಸಿ (ಮೋಲ್) ಅಂದ್ರೆ ಮಗು ಸರಿಯಾಗಿ ಬೆಳೆಯದೆ, ಮಾಸು ಆಗ್ಬೇಕಿದ್ದ ಅಂಗಾಂಶ ಅಸಹಜವಾಗಿ ಬೆಳೆಯೋ ಬಸಿರು. ಲ್ಯಾಬಿನ ಹೆಸರು ಹಾಕ್ತಿಲ್ಲ, ಇದು ನನ್ನ ತಂಗಿ ವಿಷಯ, ಅವಳ ಅತ್ತೆ ಮನೆ ಕಡೆಯವ್ರು ಎಲ್ಲಾ ಓದ್ತಾರೆ. ಆದ್ರೆ ಇಂಥ ಲ್ಯಾಬಲ್ಲಿ ಏನು ಕೇಳ್ಬೇಕು, ಏನು ತಗೊಂಡು ಹೋಗ್ಬೇಕು ಅಂತ ನಮಗೆ ಒಬ್ರೂ ಹೇಳಿರ್ಲಿಲ್ಲ, ಅದಕ್ಕೇ ಬರೀತಿದೀನಿ.

ತಂಗಿಗೆ ಎರಡನೇ ಬಸಿರು, ಒಂಬತ್ತನೇ ವಾರದಲ್ಲಿ ಸ್ವಲ್ಪ ಬ್ಲೀಡಿಂಗ್ ಶುರುವಾಯ್ತು, ಸ್ಕ್ಯಾನ್ ಮಾಡಿಸಿದ್ರೆ ಹಾರ್ಟ್‌ಬೀಟ್ ಇಲ್ಲ ಅಂದ್ರು, ಎರಡು ದಿನ ಬಿಟ್ಟು ಕ್ಲೀನ್ ಮಾಡಿದ್ರು. ತೆಗೆದಿದ್ದನ್ನ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಕೈಗೆ ಕೊಟ್ಟು "ಬೇಕಿದ್ರೆ ಟೆಸ್ಟಿಗೆ ಕೊಡಿ, ಇಲ್ಲಾಂದ್ರೆ ಬಿಡಿ" ಅಂದ್ರು. ನಾವು ಬಿಡೋರಿದ್ವಿ. ನಮ್ಮ ಭಾವನೇ ಕೊಟ್ಟು ಬಿಡೋಣ ಅಂದ್ರು. ನಮ್ಮೂರಿನ ಲ್ಯಾಬಿನ ಕೌಂಟರಲ್ಲಿದ್ದ ಹುಡುಗ ಡಬ್ಬಿ ಎತ್ತಿ ನೋಡಿ "ಇದು ಸಲೈನಲ್ಲಿದೆ, ಫಾರ್ಮಾಲಿನಲ್ಲಿ ಇರ್ಬೇಕಿತ್ತು" ಅಂತ ತಕ್ಷಣ ಬದಲಾಯಿಸಿದ. ಸಲೈನ್ ಅಂದ್ರೆ ಉಪ್ಪು ನೀರು, ಫಾರ್ಮಾಲಿನ್ ಅಂದ್ರೆ ಅಂಗಾಂಶ ಕೆಡದ ಹಾಗೆ ಇಡೋ ದ್ರಾವಣ. ಸಲೈನಲ್ಲಿ ಹೆಚ್ಚು ಹೊತ್ತು ಇಟ್ರೆ ಅಂಗಾಂಶ ಕೊಳೆಯೋಕೆ ಶುರುವಾಗುತ್ತಂತೆ, ಆಮೇಲೆ ಎಂಥ ದೊಡ್ಡ ಡಾಕ್ಟ್ರು ನೋಡಿದ್ರೂ ಸರಿಯಾಗಿ ಕಾಣಲ್ಲ. ಇದೊಂದು ಮಾತು ಎಲ್ಲರೂ ನೆನಪಲ್ಲಿ ಇಟ್ಕೊಳ್ಳಿ.

ನಮ್ಮೂರಿನ ರಿಪೋರ್ಟ್ ಬಂತು: ಹೈಡ್ರೋಪಿಕ್ ಚೇಂಜ್ (ಅಂಗಾಂಶದಲ್ಲಿ ನೀರು ತುಂಬಿ ಊದಿಕೊಂಡಿರೋದು) ಇದೆ, ಪಾರ್ಷಿಯಲ್ ಮೋಲ್ (ಭಾಗಶಃ ಮೋಲ್) ಇಲ್ಲ ಅಂತ ಖಚಿತವಾಗಿ ಹೇಳಕ್ಕಾಗಲ್ಲ. ಅಂದ್ರೆ ಹೌದೂ ಅಲ್ಲ ಅಲ್ಲವೂ ಅಲ್ಲ. ಗೈನಕಾಲಜಿಸ್ಟ್ ಮೇಡಂ ಒಳ್ಳೆಯವ್ರು, "ಇದನ್ನ ಹೀಗೇ ಬಿಡೋದು ಬೇಡ, ಬ್ಲಾಕ್ ಮತ್ತೆ ಸ್ಲೈಡ್ ಇಸ್ಕೊಂಡು ಬೆಂಗಳೂರಲ್ಲಿ ರಿವ್ಯೂ ಮಾಡಿಸಿ" ಅಂದ್ರು. ಬ್ಲಾಕ್ ಅಂದ್ರೆ ಅಂಗಾಂಶನ ಮೇಣದಲ್ಲಿ ಕೂರಿಸಿರೋ ಸಣ್ಣ ಬಿಲ್ಲೆ, ಸ್ಲೈಡ್ ಅಂದ್ರೆ ಅದರಿಂದ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಇಟ್ಟಿದ್ದು. ಇವನ್ನ ಕೇಳಿ ಇಸ್ಕೋಬಹುದು ಅಂತ್ಲೇ ನಮಗೆ ಗೊತ್ತಿರ್ಲಿಲ್ಲ. ಡಾಕ್ಟ್ರ ಚೀಟಿ ತೋರಿಸಿ ಸಹಿ ಮಾಡಿದ್ಮೇಲೆ ಕೊಟ್ರು. ಮೇಣ ಅಲ್ವಾ, ಬಿಸಿಲಲ್ಲಿ ನಿಂತ ಕಾರಲ್ಲಿ ಇಡ್ಬೇಡಿ ಅಂತಾನೂ ಹೇಳಿದ್ರು, ಹಂಗಾಗಿ ನಾನು ಟಿಫಿನ್ ಡಬ್ಬಿಯಲ್ಲಿ ಹತ್ತಿ ಇಟ್ಟು, ಅದರೊಳಗೆ ಬ್ಲಾಕು ಸ್ಲೈಡು ಇಟ್ಟು, ದಾವಣಗೆರೆಯಿಂದ ರಾತ್ರಿ ಬಸ್ಸು ಹತ್ತಿದೆ. ಇಡೀ ರಾತ್ರಿ ಡಬ್ಬಿ ತೊಡೆ ಮೇಲೇ ಇತ್ತು.

ಬೆಂಗಳೂರಿನ ಈ ಲ್ಯಾಬಿನ ರಿಸೆಪ್ಷನ್ ಬಗ್ಗೆ ಹೇಳೋಕೆ ಒಳ್ಳೇದೇನಿಲ್ಲ. ಅರ್ಧ ಗಂಟೆ ನಿಲ್ಲಿಸಿದ್ರು, ಹಳೇ ರಿಪೋರ್ಟ್, ಸ್ಕ್ಯಾನು, ಎಚ್‌ಸಿಜಿ (ಬಸಿರಿನ ಹಾರ್ಮೋನಿನ ರಕ್ತ ಪರೀಕ್ಷೆ) ಎಲ್ಲದರ ಜೆರಾಕ್ಸ್ ಇಲ್ದೆ ತಗೊಳ್ಳಲ್ಲ ಅಂತ ಹೊರಗೆ ಕಳಿಸಿದ್ರು. ಬೇಕಾಗೋದು ನಿಜ, ಆದ್ರೆ ಫೋನ್ ಮಾಡಿದಾಗ್ಲೇ ಹೇಳಬಹುದಿತ್ತು.

ಈ ಲ್ಯಾಬಿಗೆ ನಾಲ್ಕು ಸ್ಟಾರ್ ಕೊಟ್ಟಿದ್ದು ಒಳಗಿರೋ ಪೆಥಾಲಜಿಸ್ಟ್ (ಅಂಗಾಂಶ ಪರೀಕ್ಷೆ ಮಾಡೋ ಡಾಕ್ಟ್ರು) ಮೇಡಂಗೋಸ್ಕರ. ನಾಲ್ಕನೇ ದಿನ ಅವರೇ ಫೋನ್ ಮಾಡಿ "ರಿಪೋರ್ಟ್ ರೆಡಿ ಇದೆ, ಆಗೋದಾದ್ರೆ ಮನೆಯವರು ಒಬ್ರು ಬನ್ನಿ, ಮಾತಾಡ್ತೀನಿ" ಅಂದ್ರು. ಸ್ಯಾಂಪಲ್ ಕೊಟ್ಟವರ ಜೊತೆ ಪೆಥಾಲಜಿಸ್ಟ್ ಕೂತು ಮಾತಾಡೋದು ನಾನಂತೂ ಕೇಳೇ ಇರ್ಲಿಲ್ಲ. ಇಬ್ರು ಒಟ್ಟಿಗೆ ನೋಡೋ ಮೈಕ್ರೋಸ್ಕೋಪ್ ಅದು, ಒಂದು ಕಡೆ ಅವರು ಕೂತ್ರು, ಇನ್ನೊಂದು ಕಡೆ ನನ್ನ ಕೂರಿಸಿದ್ರು.

"ನೋಡಿ ಅಮ್ಮ, ಈ ಬೆರಳು ಬೆರಳಿನ ಥರ ಇದೆಯಲ್ಲ, ಇದು ಮಾಸು ಆಗ್ಬೇಕಿದ್ದ ಭಾಗ, ವಿಲ್ಲೈ ಅಂತೀವಿ, ಇದರಲ್ಲಿ ನೀರು ತುಂಬ್ತಾ ಇದೆ, ಸುತ್ತ ಇರೋ ಕಣಗಳು ಬೇಕಾದ್ದಕ್ಕಿಂತ ಜಾಸ್ತಿ ಬೆಳೆದಿವೆ." ದ್ರಾಕ್ಷಿ ಗೊಂಚಲಿನ ಥರ ಕಾಣ್ಬೇಕಲ್ವಾ ಅಂತ ನಾನು ಕೇಳ್ದೆ, ಎಲ್ಲಾ ಕಡೆ ಹಂಗೇ ಓದಿದ್ದೆ. ಅದು ತಿಂಗಳು ಮುಂದೆ ಹೋದ್ಮೇಲೆ, ಈಗ ಸ್ಕ್ಯಾನಿಂದ ಬೇಗ ಗೊತ್ತಾಗುತ್ತೆ, ಒಂಬತ್ತು ಹತ್ತು ವಾರಕ್ಕೆಲ್ಲ ತೆಗೆದಾಗ ದ್ರಾಕ್ಷಿ ಕಾಣಲ್ಲ, ಅದಕ್ಕೇ ಮಾಮೂಲಿ ಬಣ್ಣದ ಸ್ಲೈಡಲ್ಲಿ ಅನುಭವ ಇದ್ದವರಿಗೂ ಅನುಮಾನ ಬರುತ್ತೆ ಅಂದ್ರು. ಮೊದಲ ಲ್ಯಾಬಿನ ತಪ್ಪು ಅಂತ ಒಂದು ಮಾತೂ ಆಡ್ಲಿಲ್ಲ, ಅದು ನನಗೆ ತುಂಬಾ ಹಿಡಿಸ್ತು.

ಆಮೇಲೆ ಇನ್ನೊಂದು ಸ್ಲೈಡ್ ಇಟ್ರು, ಪಿ57 ಅನ್ನೋ ಸ್ಟೇನ್, ಅಂದ್ರೆ ಪಿ57 ಪ್ರೋಟೀನ್ ಇದೆಯಾ ಅಂತ ತೋರಿಸೋ ಬಣ್ಣ. ನಮ್ಮಲ್ಲಿ ಹೆಚ್ಚಿನ ಜೀನ್‌ಗಳು ಅಪ್ಪನ ಪ್ರತಿ ಅಮ್ಮನ ಪ್ರತಿ ಎರಡೂ ಕೆಲಸ ಮಾಡ್ತವೆ, ಆದ್ರೆ ಈ ಪಿ57 ಜೀನಲ್ಲಿ ಅಮ್ಮನ ಕಡೆಯಿಂದ ಬಂದದ್ದು ಮಾತ್ರ ಕೆಲಸ ಮಾಡುತ್ತೆ. ತಾಯಿಯ ಅಂಶ ಇದ್ರೆ ಕಣದ ಒಳಗೆ ಕಂದು ಬಣ್ಣ, ಇಲ್ಲಾಂದ್ರೆ ಬರೀ ನೀಲಿ. ಪಕ್ಕದಲ್ಲಿದ್ದ ಗರ್ಭಕೋಶದ ಪದರ, ಅಂದ್ರೆ ತಂಗಿಯದ್ದೇ ಅಂಗಾಂಶ, ಚೆನ್ನಾಗಿ ಕಂದು ಆಗಿತ್ತು, ಅಂದ್ರೆ ಸ್ಟೇನ್ ಸರಿಯಾಗಿ ಹತ್ತಿದೆ. ವಿಲ್ಲೈ ಮಾತ್ರ ನೀಲಿ. ಅಷ್ಟರಲ್ಲಿ ನನಗೇ ಅರ್ಥ ಆಗಿತ್ತು. ಕಂಪ್ಲೀಟ್ ಮೋಲ್. ಪಾರ್ಷಿಯಲ್ ಮೋಲಲ್ಲಿ ಒಂದು ಅಂಡಕ್ಕೆ ಸಾಮಾನ್ಯವಾಗಿ ಎರಡು ವೀರ್ಯಾಣು ಸೇರಿ 46ರ ಬದಲು 69 ಕ್ರೋಮೋಸೋಮ್ ಆಗಿರುತ್ತೆ, ತಾಯಿ ಅಂಶ ಇರುತ್ತೆ, ಅಲ್ಲಿ ಪಿ57 ಕಂದು ಬರುತ್ತೆ. ಕಂಪ್ಲೀಟಲ್ಲಿ ಹೆಚ್ಚಾಗಿ ತಾಯಿಯ ಕ್ರೋಮೋಸೋಮೇ ಇಲ್ಲದ ಖಾಲಿ ಅಂಡ, ಒಂದು ವೀರ್ಯಾಣು ಒಳಗೆ ಹೋಗಿ ತಾನೇ ಎರಡಾಗಿಬಿಡುತ್ತೆ, ಎಲ್ಲಾ ತಂದೆ ಕಡೆಯದ್ದೇ.

ನಾನು ಅಲ್ಲೇ ಕೇಳಿಬಿಟ್ಟೆ, ಮನೆಯಲ್ಲಿ ಎಲ್ಲರೂ ಅವಳು ಪಪ್ಪಾಯಿ ತಿಂದಿದ್ಲು, ಸ್ಕೂಟಿ ಓಡಿಸಿದ್ಲು ಅಂತಿದಾರೆ ಮೇಡಂ. "ಇದು ಅಂಡ ಫಲಿತ ಆದ ಕ್ಷಣದಲ್ಲೇ ಆಗಿಹೋಗಿದ್ದು, ಅವಳು ತಿಂದಿದ್ದಕ್ಕೂ ಓಡಾಡಿದ್ದಕ್ಕೂ ಸಂಬಂಧಾನೇ ಇಲ್ಲ, ಮನೆಯಲ್ಲಿ ನನ್ನ ಹೆಸರು ಹೇಳಿ" ಅಂದ್ರು. ನಾನು ಊರಿಗೆ ಬಂದು ಅತ್ತೆಯವರ ಮುಂದೆ ಕೂತು ಅದನ್ನೇ ಹೇಳ್ದೆ, ನೀಲಿ ಕಂದು ಎಲ್ಲಾ. ಅವರು ಏನೂ ಮಾತಾಡ್ಲಿಲ್ಲ, ಆದ್ರೆ ಅವತ್ತಿಂದ ಪಪ್ಪಾಯಿ ಮಾತು ನಿಂತಿದೆ.

ಕಂಪ್ಲೀಟೋ ಪಾರ್ಷಿಯಲ್ಲೋ, ಹೆಸರಲ್ಲೇನಿದೆ ಅಂತ ಅನ್ಕೋಬೇಡಿ. ಪಾರ್ಷಿಯಲ್ ಆದ್ರೆ ಮುಂದೆ ಕೀಮೋ ಬೇಕಾಗೋದು 100ರಲ್ಲಿ 5ಕ್ಕಿಂತ ಕಮ್ಮಿ ಜನಕ್ಕೆ, ಕಂಪ್ಲೀಟಲ್ಲಿ 15ರಿಂದ 20 ಜನಕ್ಕೆ. ಅದಕ್ಕೇ ಎಚ್‌ಸಿಜಿ ನಾರ್ಮಲ್ ಆದ ಮೇಲೂ ಕಂಪ್ಲೀಟಿಗೆ ತಿಂಗಳಿಗೊಂದ್ಸಲ ಆರು ತಿಂಗಳು ನೋಡ್ತಾರೆ, ಅಲ್ಲಿವರೆಗೂ ಬಸಿರಾಗಬಾರದು, ಬಸಿರಾದ್ರೆ ಎಚ್‌ಸಿಜಿ ಯಾವುದರಿಂದ ಏರ್ತಿದೆ ಅಂತ ಗೊತ್ತಾಗಲ್ಲ. ಅಪ್ಪಿತಪ್ಪಿ ಮೋಲಿನ ಅಂಗಾಂಶ ಒಳಗೆ ಉಳಿದು ಬೆಳೆದ್ರೂ ಮೆಥೋಟ್ರೆಕ್ಸೇಟ್ ಅನ್ನೋ ಔಷಧಿ ಇದೆ, 1956ರಲ್ಲೇ ಅಮೆರಿಕದಲ್ಲಿ ಹರಡಿದ್ದ ಕೋರಿಯೋಕಾರ್ಸಿನೋಮಾ (ಮಾಸಿನ ಕಣಗಳಿಂದ ಹುಟ್ಟೋ ಕ್ಯಾನ್ಸರ್) ಇದರಿಂದ ವಾಸಿ ಮಾಡಿದ್ರಂತೆ, ಬೇಗ ಹಿಡಿದ್ರೆ ಹೆಚ್ಚುಕಮ್ಮಿ ಎಲ್ಲರೂ ಗುಣ ಆಗ್ತಾರೆ, ಮುಂದೆ ಮಕ್ಕಳೂ ಆಗ್ತವೆ. ಇನ್ನೊಂದ್ಸಲ ಮೋಲ್ ಆಗೋದು 100ಕ್ಕೆ ಒಬ್ಬರಿಗೆ ಅಷ್ಟೇ. ಇದನ್ನೆಲ್ಲಾ ಕಾಗದದ ಮೇಲೆ ಚಿತ್ರ ಬರೆದು ಕೊಟ್ರು, ಆ ಕಾಗದ ತಂಗಿ ಹತ್ರ ಇದೆ.

ಎಚ್‌ಸಿಜಿ ಪ್ರತಿ ಸಲಾನೂ ಒಂದೇ ಲ್ಯಾಬಲ್ಲಿ ಮಾಡಿಸಿ, ಮೆಷಿನ್ ಬದಲಾದ್ರೆ ನಂಬರ್ ಹೋಲಿಸೋಕಾಗಲ್ಲ ಅಂದಿದ್ರಿಂದ ಇವರದ್ದೇ ದಾವಣಗೆರೆ ಕಲೆಕ್ಷನ್ ಸೆಂಟರಲ್ಲಿ ಕೊಡ್ತಿದೀವಿ. ಒಂದು ಸ್ಟಾರ್ ಕಳೆದಿದ್ದು ಇಲ್ಲೇ. ವಾರ ವಾರ 2100, 340, 96 ಅಂತ ಚೆನ್ನಾಗಿ ಇಳೀತಿತ್ತು, ಮುಂದಿನ ವಾರ 91. ರಾತ್ರಿ 11 ಗಂಟೆಗೆ ಮೊಬೈಲಿಗೆ ಕೆಂಪು ಅಕ್ಷರದಲ್ಲಿ ಬಂತು, ಜೊತೆಗೆ ಒಂದು ಸಾಲು ವಿವರಣೆ ಇಲ್ಲ, ಕರೆ ಮಾಡಿದ್ರೆ ಎತ್ತೋರಿಲ್ಲ. ತಂಗಿ ಆ ರಾತ್ರಿ ನಿದ್ದೆ ಮಾಡ್ಲಿಲ್ಲ, ಅವಳ ಜೊತೆ ಫೋನಲ್ಲಿ ನಾನೂ ಮಾಡ್ಲಿಲ್ಲ. ಒಂದು ವಾರ ನಿಂತ್ರೆ ಗಾಬರಿ ಬೇಡ, ಮೂರು ವಾರದ ಅವಧಿಯಲ್ಲಿ ನಾಲ್ಕು ಸಲ ಅಲ್ಲೇ ನಿಂತ್ರೆ ಅಥವಾ ಏರ್ತಾ ಹೋದ್ರೆ ಯೋಚ್ನೆ ಅಂತ ಬೆಳಿಗ್ಗೆ ಗೈನಕಾಲಜಿಸ್ಟ್ ಹೇಳಿದ್ಮೇಲೆ ಉಸಿರು ಬಂತು. ಮುಂದಿನ ವಾರ 30 ಆಯ್ತು. ಇಂಥ ಟೆಸ್ಟ್ ಮಾಡೋ ಲ್ಯಾಬು ಈ ನಾಲ್ಕು ಮಾತು ರಿಪೋರ್ಟ್ ಕೆಳಗೆ ಕನ್ನಡದಲ್ಲಿ ಹಾಕ್ಬೇಕು, ನಾನು ಮೇಲ್ ಬರೆದಿದೀನಿ, ಇನ್ನೂ ಉತ್ತರ ಇಲ್ಲ.

ಇನ್ನೊಂದು ವಿಷ್ಯ. ಇಲ್ಲಿ ಪೂರ್ತಿ ಮಾಸನ್ನೂ ಪರೀಕ್ಷೆ ಮಾಡ್ತಾರೆ, ಅರ್ಧ ಕೆಜಿ ಹತ್ರ ತೂಗುತ್ತಂತೆ ತಿಂಗಳು ತುಂಬಿದ್ದು. ನಮ್ಮ ಕಡೆ ಮಾಸು ಹೂಳೋದು ಪದ್ಧತಿ, ಅದನ್ನ ಬಿಡಿ ಅಂತ ನಾನು ಹೇಳಲ್ಲ. ಆದ್ರೆ ಹೊಟ್ಟೆಯಲ್ಲೇ ಮಗು ಹೋದಾಗ, ಮಗು ಬೆಳವಣಿಗೆ ತೀರಾ ಕಮ್ಮಿ ಆದಾಗ, ರಕ್ತ ಹೆಪ್ಪುಗಟ್ಟಿತ್ತಾ, ಸೋಂಕಿತ್ತಾ ಅಂತ ಎಷ್ಟೋ ಸಲ ಮಾಸೇ ಹೇಳುತ್ತೆ, ಹೆರಿಗೆಗೆ ಮುಂಚೇನೇ ಡಾಕ್ಟ್ರನ್ನ ಕೇಳಿ ಇಟ್ಕೊಳ್ಳಿ.

ಸ್ಲೈಡ್ ರಿವ್ಯೂ ಮತ್ತೆ ಪಿ57 ಸೇರಿ ನಮಗೆ 3200 ಆಯ್ತು, ಎಚ್‌ಸಿಜಿ ಒಂದ್ಸಲಕ್ಕೆ 600. ಬ್ಲಾಕ್ ವಾಪಸ್ ಕೇಳಿ ಇಸ್ಕೊಳ್ಳಿ, ಅವರಾಗೇ ಕೊಡಲ್ಲ. ನಮ್ಮದು ತಂಗಿ ಮನೆಯ ಬೀರುವಲ್ಲಿ ದೊಡ್ಡ ಮಗನ ಬರ್ತ್ ಸರ್ಟಿಫಿಕೇಟ್ ಪಕ್ಕ ಇದೆ. ಈಗ ನಾಲ್ಕು ತಿಂಗಳಿಂದ ನಾರ್ಮಲ್, ಇನ್ನೆರಡು ಬಾಕಿ. ಕಲೆಕ್ಷನ್ ಸೆಂಟರ್ ಭಾನುವಾರ 12ಕ್ಕೇ ಮುಚ್ತಾರೆ, ಹೋಗೋರು ಬೆಳಿಗ್ಗೇನೇ ಹೋಗಿ.