ಕೆಚ್ಚಲುಬಾವು ಹಿಡಿಯಲು ಐದು ದಾರಿ: ಕಪ್ಪಿಯ ಹಾಲಿನಲ್ಲಿ ನಾನು ನೋಡಿದ್ದು

"ಎರಡು ದಿನ ಆಯ್ತು, ಮೊಸರು ಗಟ್ಟಿ ಆಗವಲ್ದು. ಹೆಪ್ಪು ಛಲೋನೇ ಅದ" ಅಂತ ಗುರುವಾರ ಬೆಳಿಗ್ಗೆ ಅವ್ವ ಹೇಳಿದಾಗ ನಾನು ಮಳೆಯ ಥಂಡಿಗೆ ಬೈದು ಸುಮ್ಮನಾದೆ. ಮನೆಗೆ ಇಟ್ಟುಕೊಳ್ಳುವುದು ನಮ್ಮ ಆಕಳು ಕಪ್ಪಿಯ ಹಾಲು. ಆ ವಾರ ಅವಳ ಹಾಲನ್ನು ನಾನು ಐದು ಥರ ಪರೀಕ್ಷೆ ಮಾಡುತ್ತಿದ್ದೆ. ಆದರೂ ಹೊಳೆಯಲಿಲ್ಲ.

ನಮ್ಮದು ಭಾಲ್ಕಿ ಕಡೆಯ ಹಳ್ಳಿ. ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳು, ಒಂದು ನಾಟಿ ದೇವಣಿ. ಹೋದ ವರ್ಷ ಒಂದು ಆಕಳಿನ ಮೊಲೆ ಬಾವು ಬಂದು ಪೂರ್ತಿ ಬತ್ತಿಹೋಯಿತು. ಡಾಕ್ಟರು ಬರುವಷ್ಟರಲ್ಲಿ ಕೆಚ್ಚಲು ಕಲ್ಲಾಗಿತ್ತು. ಅದಕ್ಕೇ ಈ ಮಳೆಗಾಲ ಹಟ ಹಿಡಿದೆ: ಬಾವು ಕಣ್ಣಿಗೆ ಬೀಳುವ ಮೊದಲೇ ಹಿಡಿಯಬೇಕು, ಯಾವುದು ಮೊದಲು ಹಿಡಿಯುತ್ತದೋ ನೋಡಬೇಕು.

ಮೊದಲನೆಯದು ಕರಿ ಅರಿವೆ. ತಂಬಿಗೆಯ ಬಾಯಿಗೆ ಕಟ್ಟಿ, ಪ್ರತಿ ಮೊಲೆಯ ಮೊದಲ ಎರಡು ಧಾರೆ ಅದರ ಮೇಲೆ ಹಿಂಡುವುದು. ಗಡ್ಡೆ, ಎಳೆ, ರಕ್ತ ಇದ್ದರೆ ಕಾಣುತ್ತದೆ. ಖರ್ಚಿಲ್ಲ. ಆದರೆ ಅಷ್ಟರಲ್ಲಿ ಬಾವು ಬಂದಾಗಿರುತ್ತದೆ. ಒಳಗೇ ಇರುವ ಬಾವನ್ನು ಇದು ತೋರಿಸುವುದೇ ಇಲ್ಲ.

ಬಣ್ಣದ ಪಟ್ಟಿ ನನಗೆ ಸರಿಬರಲಿಲ್ಲ. ಅದು ತೋರಿಸುವುದು ಪಿಎಚ್, ಅಂದರೆ ಹುಳಿಯ ಅಳತೆ; ಅಂಕಿ ಏರಿದಷ್ಟೂ ಹುಳಿ ಕಡಿಮೆ. ಒಳ್ಳೆಯ ಹಾಲಿನ ಪಿಎಚ್ 6.6ರಿಂದ 6.8. ಬಾವಿನಲ್ಲಿ ಅದು ಏರುತ್ತದೆ, ಹಳದಿ ಪಟ್ಟಿ ಹಸಿರಿಗೆ ತಿರುಗುತ್ತದೆ. ಕೊಟ್ಟಿಗೆಯ ಬಲ್ಬಿನ ಬೆಳಕಿನಲ್ಲಿ ಎಳೆ ಹಸಿರು ಯಾವುದು, ಕಡು ಹಸಿರು ಯಾವುದು? ಅದರ ಮೇಲೆ ಅಂಗಡಿಯವನು ಕೊಟ್ಟ ಪೊಟ್ಟಣ ತಂಪು ಹಿಡಿದಿತ್ತು. ನಾಲ್ಕೂ ಮೊಲೆಗೆ ಒಂದೇ ಬಣ್ಣ.

ಕರೆಂಟ್ ಮೀಟರು, ಅಂದರೆ ಹಾಲಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ತೋರಿಸುವುದು, ಪರವಾಗಿಲ್ಲ. ಬಾವು ಬಂದಾಗ ರಕ್ತದಿಂದ ಉಪ್ಪು ಹಾಲಿಗೆ ಇಳಿಯುತ್ತದೆ, ಅಂಕಿ ಏರುತ್ತದೆ. ಒಂದೇ ಆಕಳಿನ ನಾಲ್ಕು ಮೊಲೆ ಹೋಲಿಸಿದರೆ ಮಾತ್ರ ಅದಕ್ಕೆ ಅರ್ಥ. ಗುರುವಾರ ಕಪ್ಪಿಯ ಮೂರು ಮೊಲೆ 5.2ರ ಆಸುಪಾಸು, ಬಲ ಹಿಂದಿನದು 6.4. ಹಿಂದಿನ ದಿನ ಫರಕು ಕಾಣುವಷ್ಟು ಇರಲಿಲ್ಲ.

ಸಿಎಂಟಿ, ಅಂದರೆ ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ (ಕೆಚ್ಚಲುಬಾವು) ಟೆಸ್ಟ್, ಇದರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. 1957ರಲ್ಲಿ ಕ್ಯಾಲಿಫೋರ್ನಿಯಾದ ಶಾಲ್ಮ್ ಮತ್ತು ನೂರ್ಲ್ಯಾಂಡರ್ ಮಾಡಿದ್ದು, ಇವತ್ತಿಗೂ ಅದೇ. ನಾಲ್ಕು ಗುಳಿಯ ಬಿಳಿ ತಟ್ಟೆ. ಒಂದೊಂದು ಗುಳಿಗೆ ಒಂದು ಮೊಲೆಯ ಹಾಲು, ಎರಡು ಎಂಎಲ್. ಅಷ್ಟೇ ನೇರಳೆ ದ್ರಾವಣ ಹಾಕಿ ಹತ್ತು ಸೆಕೆಂಡು ತಿರುಗಿಸಬೇಕು. ಹಾಲಿನಲ್ಲಿ ರಕ್ಷಣೆಯ ಕಣಗಳು ಜಾಸ್ತಿ ಇದ್ದರೆ ಅವು ಒಡೆದು, ಒಳಗಿನ ಡಿಎನ್‌ಎ ಅಂಟಂಟಾಗುತ್ತದೆ. ತಟ್ಟೆ ವಾಲಿಸಿದರೆ ಮೂರು ಗುಳಿಯ ಹಾಲು ನೀರಿನಂತೆ ಹರಿಯುತ್ತದೆ, ನಾಲ್ಕನೆಯದು ಬೆಂಡೆಕಾಯಿ ಲೋಳೆಯಂತೆ ಒಟ್ಟಿಗೇ ಜಾರುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ದ್ರಾವಣ ಇಲ್ಲದ ದಿನ ಬಟ್ಟೆ ಪುಡಿಯೂ ನಡೆಯುತ್ತದೆ: ಅರ್ಧ ಲೀಟರ್ ನೀರಿಗೆ 15 ಗ್ರಾಂ. ಲೋಳೆ ಬರುತ್ತದೆ, ಆದರೆ ನೊರೆಯಲ್ಲಿ ಸಣ್ಣ ಫರಕು ಕಾಣುವುದಿಲ್ಲ.

ಬುಧವಾರ ಬಲ ಹಿಂದಿನ ಗುಳಿಯಲ್ಲಿ ತೆಳ್ಳಗೆ ಏನೋ ಕಂಡಿತ್ತು. ಅದನ್ನು 'ಟ್ರೇಸ್' ಅನ್ನುತ್ತಾರೆ, ಅಂದರೆ ಅನುಮಾನ. ಜೋರು ಮಳೆ, ಕೈಯಲ್ಲಿ ಕಣಕಿಯ ಹೊರೆ. ಬಿಟ್ಟೆ. ಗುರುವಾರ ಲೋಳೆ ಗಟ್ಟಿಯಾಯಿತು. ಅರಿವೆಯ ಮೇಲೆ ಗಡ್ಡೆ ಬಂದದ್ದು ಶುಕ್ರವಾರ.

ಇನ್ನು ಪ್ರೋಟೀನು. ಹೈದರಾಬಾದಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ಅಕ್ಕನ ಮಗಳು ರಜೆಗೆ ಬಂದಿದ್ದಳು. ದಿನವೂ ನಾಲ್ಕು ಮೊಲೆಯ ಹಾಲನ್ನು ಚಿಕ್ಕ ಶೀಶೆಗಳಲ್ಲಿ ಹಿಡಿದು ಫ್ರಿಜ್ಜಿನ ಐಸಿನ ಖಾನೆಯಲ್ಲಿಟ್ಟು, ಹೋಗುವಾಗ ಐಸ್ ಡಬ್ಬಿಯಲ್ಲಿ ಒಯ್ದಳು. ನಾನು ನಕ್ಕಿದ್ದೆ: "ಡೇರಿ ಯಂತ್ರದ ಚೀಟಿಯಾಗ ಪ್ರೋಟೀನ್ ಬರ್ತದಲ್ಲವ್ವ, ಸೋಮವಾರನೂ 3.2, ಬುಧವಾರನೂ 3.2." ಅವಳು ಹೇಳಿದ್ದು ನನಗೆ ಹೊಸದು. "ಮಾಮಾ, ಎಷ್ಟು ಅಂತ ನೋಡಬ್ಯಾಡ, ಯಾವುದು ಅಂತ ನೋಡು." ಬಾವು ಬಂದಾಗ ಹಾಲಿನದೇ ಪ್ರೋಟೀನಾದ ಕೇಸೀನು ಕಡಿಮೆಯಾಗುತ್ತದೆ, ಇದ್ದದ್ದೂ ತುಂಡಾಗುತ್ತದೆ. ಅದೇ ಹೊತ್ತಿಗೆ ರಕ್ತದ ಆಲ್ಬುಮಿನ್ ಸೋರಿ ಬಂದು ಜಾಗ ತುಂಬುತ್ತದೆ. ಮೊತ್ತ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಒಳಗಿನ ಸರಕು ಬೇರೆ. ಕೇಸೀನು ಕೆಟ್ಟರೆ ಮೊಸರೂ ಕೂರುವುದಿಲ್ಲ. ಒಂದೇ ಮೊಲೆಯ ಹಾಲಿಗೆ ಅವ್ವನ ಗಡಿಗೆ ಅಷ್ಟು ಕೆಟ್ಟಿತಾ ಎಂಬ ಅನುಮಾನ ನನಗೆ ಇನ್ನೂ ಇದೆ. ಅವ್ವನಿಗಿಲ್ಲ.

ಅವಳು ನೋಡಿದ್ದು ಎರಡು: ಆಲ್ಬುಮಿನ್, ಮತ್ತೆ ಅಮೈಲಾಯ್ಡ್ ಎ. ಈ ಎರಡನೆಯದನ್ನು ರೋಗಾಣು ಒಳಬಂದಾಗ ಕೆಚ್ಚಲೇ ತಯಾರಿಸುತ್ತದೆ. ಹ್ಯಾಪ್ಟೊಗ್ಲೋಬಿನ್ ಅಂತ ಇನ್ನೊಂದಿದೆ, ಆದರೆ ಅದು ಗರ್ಭಕೋಶದ ಬಾವಿಗೂ ರಕ್ತದಲ್ಲಿ ಏರುತ್ತದೆ. ಒಂಬತ್ತು ದಿನದ ಮೇಲೆ ವಾಟ್ಸಾಪ್‌ನಲ್ಲಿ ಫೋಟೊ ಬಂತು. ಅಮೈಲಾಯ್ಡ್ ನೋಡಿದ 96 ಗುಳಿಯ ತಟ್ಟೆ, ಹಳದಿ ಎಷ್ಟು ಗಾಢವೋ ಅಷ್ಟು ಪ್ರೋಟೀನು. ಸೋಮವಾರದ ನಾಲ್ಕೂ ಗುಳಿ ನೀರಿನಂತೆ. ಮಂಗಳವಾರದ ಸಾಲಿನಲ್ಲಿ ಬಲ ಹಿಂದಿನದು ಒಂದೇ ಅರಿಶಿನ ಕಲಸಿದಂತೆ ಹಳದಿ. ಆಲ್ಬುಮಿನ್ ಏರಿದ್ದು ಗುರುವಾರ.

ಮಂಗಳವಾರ! ನನ್ನ ತಟ್ಟೆಗಿಂತ ಒಂದು ದಿನ ಮೊದಲು, ಅರಿವೆಗಿಂತ ಮೂರು ದಿನ ಮೊದಲು. ಗೆದ್ದದ್ದು ಅದೇ, ಅಲ್ವಾ? ಆದರೆ ಆ ಫೋಟೊ ಬರುವಷ್ಟರಲ್ಲಿ ಡಾಕ್ಟರು ಮೊಲೆಗೆ ಔಷಧ ಏರಿಸಿ, ಪೂರ್ತಿ ಕೋರ್ಸ್ ಮುಗಿದಿತ್ತು. ಅಷ್ಟೂ ದಿನದ ಹಾಲು ಚೆಲ್ಲಿದ್ದೆವು.

ಕೊಟ್ಟಿಗೆಯಲ್ಲೇ ನಿಂತು ನೋಡುವಂಥ ಅಮೈಲಾಯ್ಡ್ ಪಟ್ಟಿ ನಮ್ಮ ಅಂಗಡಿಗೆ ಬಂದರೆ ನಾನೇ ಮೊದಲು ಕೊಳ್ಳುತ್ತೇನೆ. ಈಗ ನನ್ನ ದುಡ್ಡು ಸಿಎಂಟಿಗೇ. ವಾರಕ್ಕೆರಡು ಸಲ ತಟ್ಟೆ, ದಿನಾ ಅರಿವೆ, ಟ್ರೇಸ್ ಕಂಡರೆ ಸಂಜೆ ಮತ್ತೆ ತಟ್ಟೆ. ಕರು ಹಾಕಿದ ಮೊದಲ ವಾರ ಮಾತ್ರ ನಂಬುವುದಿಲ್ಲ. ಗಿಣ್ಣದ ಹಾಲಿನಲ್ಲಿ ಕಣವೂ ಜಾಸ್ತಿ, ಅಮೈಲಾಯ್ಡೂ ಜಾಸ್ತಿ.

ಬಿಳಿ ತಟ್ಟೆ ಈಗ ಕೊಟ್ಟಿಗೆಯ ಮೊಳೆಗೆ ನೇತಾಡುತ್ತದೆ. ಅವ್ವ ಹೆಪ್ಪು ಹಾಕುವ ಮೊದಲು ಒಳಗಿಂದಲೇ ಕೂಗುತ್ತಾಳೆ, "ತಟ್ಟಿ ನೋಡಿದ್ಯೇನು?"