ಮೂರ್ನಾಡಿನ ಏರುದಾರಿಯಲ್ಲಿ ನಾಲ್ಕು ವರ್ಷ: ನನ್ನ 21 ಗೇರಿನ ಸೈಕಲ್

ಈ ಸೈಕಲ್ ಕೊಂಡಿದ್ದು 2021ರ ನವೆಂಬರ್‌ನಲ್ಲಿ. ಮೈಸೂರಿನ ಒಂದು ಅಂಗಡಿಯಿಂದ ಕಾರಿನ ಹಿಂದೆ ಕಟ್ಟಿಕೊಂಡು ಕೊಡಗಿನ ನಮ್ಮ ಮೂರ್ನಾಡಿಗೆ ತಂದೆ. ಕೊಟ್ಟಿದ್ದು 19,500 ರೂಪಾಯಿ. ಅಲ್ಯೂಮಿನಿಯಂ ಫ್ರೇಮ್, 27.5 ಇಂಚಿನ ಚಕ್ರ, ಮುಂದೆ ಸಸ್ಪೆನ್ಷನ್, ಎರಡೂ ಚಕ್ರಕ್ಕೆ ಕೇಬಲ್ ಡಿಸ್ಕ್ ಬ್ರೇಕ್, ಮುಂದೆ ಮೂರು ಹಿಂದೆ ಏಳು ಗೇರು. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಬೆಲೆಯ ಸೈಕಲ್‌ಗಳಲ್ಲಿ ಹೆಚ್ಚುಕಮ್ಮಿ ಇವೇ ಭಾಗಗಳು ಬರುತ್ತವೆ, ಫ್ರೇಮಿನ ಬಣ್ಣ ಮತ್ತು ಸ್ಟಿಕ್ಕರ್ ಮಾತ್ರ ಬೇರೆ. ಇಲ್ಲಿಯವರೆಗೆ ಸುಮಾರು 9,000 ಕಿಲೋಮೀಟರ್ ಓಡಿದೆ. ಅದರಲ್ಲಿ ಕಾಲುಭಾಗ ತೋಟದ ಮಣ್ಣುದಾರಿ.

ಫ್ರೇಮಿನ ಬಗ್ಗೆ ನನ್ನದೇನೂ ದೂರಿಲ್ಲ. ಒಂದು ಬಿರುಕು ಬಂದಿಲ್ಲ, ತುಕ್ಕು ಹಿಡಿದಿಲ್ಲ. ಚಕ್ರವೂ ಗಟ್ಟಿ, ನಾಲ್ಕು ವರ್ಷದಲ್ಲಿ ಎರಡೇ ಸಲ ಕಡ್ಡಿ ಬಿಗಿ ಮಾಡಿಸಿದ್ದೇನೆ. ಸೀಟು ಮೊದಲ ತಿಂಗಳೇ ಬದಲಿಸಿದೆ. ನನಗೆ ತೊಂದರೆ ಕೊಟ್ಟಿದ್ದು ಗೇರು ಮತ್ತು ಬ್ರೇಕು.

ಗೇರಿನ ತೊಂದರೆ ನನಗೆ ಚೆನ್ನಾಗಿ ಅರ್ಥವಾಗಿದ್ದು ಕೊಡಗಿನಲ್ಲಿ ಅಲ್ಲ, ನ್ಯೂಜಿಲೆಂಡ್‌ನಲ್ಲಿ. ತಂಗಿ ಅಲ್ಲಿದ್ದಾಳೆ. 2023ರಲ್ಲಿ ಹೋಗಿದ್ದಾಗ ಒಟಾಗೊ ಸೆಂಟ್ರಲ್ ರೈಲ್ ಟ್ರೈಲ್‌ಗೆ ಕರೆದುಕೊಂಡು ಹೋದಳು. ಹಿಂದೆ ಅಲ್ಲಿ ರೈಲು ಓಡುತ್ತಿತ್ತು. 1990ರಲ್ಲಿ ನಿಲ್ಲಿಸಿದರು. ಹಳಿ ಕಿತ್ತು, ಜಲ್ಲಿ ಹಾಸಿ, 2000ದಲ್ಲಿ ಸೈಕಲ್ ಮತ್ತು ನಡಿಗೆಯ ದಾರಿ ಮಾಡಿದರು. ಕ್ಲೈಡ್‌ನಿಂದ ಮಿಡಲ್‌ಮಾರ್ಚ್‌ವರೆಗೆ ಸುಮಾರು 150 ಕಿಲೋಮೀಟರ್. ನಾವು ಎರಡು ದಿನದಲ್ಲಿ ಅದರ ಅರ್ಧದಷ್ಟು ಓಡಿಸಿದೆವು. ಪೂಲ್‌ಬರ್ನ್ ಕಣಿವೆಯಲ್ಲಿ ಸುರಂಗದೊಳಗೆ ಟಾರ್ಚ್ ಹಿಡಿದು ಹೋಗಬೇಕು. ಹೊರಗೆ ಬಂದರೆ ಎತ್ತರದ ಹಳೇ ರೈಲು ಸೇತುವೆ. ನಮ್ಮ ಮುಂದೆಯೇ ಎಪ್ಪತ್ತು ದಾಟಿದ ಗಂಡ ಹೆಂಡತಿ ಮಾತಾಡಿಕೊಂಡು ತುಳಿಯುತ್ತಾ ಹೋಗುತ್ತಿದ್ದರು. ಬಾಡಿಗೆಗೆ ತಗೊಂಡ ಸಾದಾ ಸೈಕಲ್‌ನಲ್ಲಿ ನಾನು ದಿನವಿಡೀ ಮಧ್ಯದ ಎರಡು ಮೂರು ಗೇರಲ್ಲೇ ಇದ್ದೆ.

ಯಾಕೆ ಅಂದರೆ ರೈಲು ಕಡಿದಾದ ಏರು ಹತ್ತಲಾರದು. ನಮ್ಮ ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲೇ ನೋಡಿ. ಅಷ್ಟು ದೊಡ್ಡ ಬೆಟ್ಟ ಇಳಿಯುವ ಹಳಿಯೂ 50 ಮೀಟರಿಗೆ 1 ಮೀಟರಿಗಿಂತ ಜಾಸ್ತಿ ಇಳಿಯದ ಹಾಗೆ ಸುರಂಗ ಕೊರೆದು, ಬಳಸಿ ಬಳಸಿ ಹಾಕಿದ್ದಾರೆ. ಹಾಗಾಗಿ ಹಳಿ ತೆಗೆದ ದಾರಿಯಲ್ಲಿ ಯಾವ ಸೈಕಲ್ ಆದರೂ ನಡೆಯುತ್ತದೆ. ಕೊಡಗಿಗೆ ರೈಲು ಬಂದೇ ಇಲ್ಲ. ನಮ್ಮ ರಸ್ತೆಗಳು ಎತ್ತಿನ ಗಾಡಿ, ಕುದುರೆ, ಆಮೇಲೆ ಜೀಪು ಹತ್ತಿದ ಹಾಗೆ ಹತ್ತುತ್ತವೆ. ಬಯಲುಸೀಮೆಯಲ್ಲಿ ಚೆನ್ನಾಗಿದೆ ಅಂತ ಹೊಗಳಿದ ಸೈಕಲ್ ಇಲ್ಲಿ ಬಂದು ಒದ್ದಾಡುವುದು ಅದಕ್ಕೇ.

ಗೇರಿನ ವಿಷಯ ಹೇಳುತ್ತೇನೆ, ಸ್ವಲ್ಪ ಲೆಕ್ಕ ಇದೆ. ನನ್ನ ಸೈಕಲ್‌ಗೆ ಚೈನ್ ಕೂರುವ ಹಲ್ಲಿನ ಚಕ್ರಗಳಲ್ಲಿ, ಮುಂದಿನ ಚಿಕ್ಕ ಚಕ್ರಕ್ಕೆ 24 ಹಲ್ಲು. ಹಿಂದಿನ ದೊಡ್ಡ ಚಕ್ರಕ್ಕೆ 28 ಹಲ್ಲು ಇತ್ತು. ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. ಬೇತ್ರಿ ಕಡೆಗೆ, ಗದ್ದೆ ಬದಿಯ ರಸ್ತೆಗೆ ಇದು ಬೇಕಾದಷ್ಟಾಯಿತು. ಆದರೆ ಮೇಕೇರಿಯಿಂದ ಮಡಿಕೇರಿಗೆ ಹತ್ತುವಾಗ ಮೊದಲ ವರ್ಷ ಮೂರು ಕಡೆ ಇಳಿದು ತಳ್ಳುತ್ತಿದ್ದೆ. ಮಂಡಿ ನೋವು ಶುರುವಾಯಿತು. ನನ್ನ ಕಾಲಲ್ಲೇ ಬಲ ಇಲ್ಲ ಅಂದುಕೊಂಡಿದ್ದೆ.

ನ್ಯೂಜಿಲೆಂಡ್‌ನಿಂದ ಬಂದ ಮೇಲೆ ಹಿಂದಿನ ಫ್ರೀವೀಲ್, ಅಂದರೆ ಆ ಏಳು ಹಲ್ಲಿನ ಚಕ್ರಗಳ ಜೋಡಣೆ, ತೆಗೆಸಿ ದೊಡ್ಡ ಚಕ್ರಕ್ಕೆ 34 ಹಲ್ಲು ಇರುವುದು ಹಾಕಿಸಿದೆ. ಚೈನ್ ಕೂಡ ಸ್ವಲ್ಪ ಉದ್ದದ್ದು ಬೇಕಾಯಿತು. ಎರಡೂ ಸೇರಿ 1,500 ರೂಪಾಯಿ. ಈಗ ಒಂದು ಸುತ್ತಿಗೆ ಸುಮಾರು 1.5 ಮೀಟರ್. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ಏರಿನಲ್ಲಿ ಹಾಗಲ್ಲ. ಅದೇ ಮೇಕೇರಿ ಏರನ್ನು ಈಗ ಕಾಲು ಕೆಳಗಿಡದೆ, ನಡೆಯುವವರಿಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ, ಕೂತೇ ಹತ್ತುತ್ತೇನೆ. ಮಂಡಿ ನೋವು ಹೋಯಿತು. ಅಂಗಡಿಯಲ್ಲಿ 21 ಗೇರು, 24 ಗೇರು ಅಂತ ಎಣಿಕೆ ಹೇಳುತ್ತಾರೆ. ಎಣಿಕೆ ಬೇಡ, ಹಿಂದಿನ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಅಂತ ಕೇಳಿ.

ಬ್ರೇಕಿನ ಕತೆ ಇನ್ನೂ ಮುಖ್ಯ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅಲ್ವಾ? ಮಳೆಗಾಲದಲ್ಲಿ ರಸ್ತೆಯ ಕೆಂಪು ಕೆಸರು ಚಕ್ರದಿಂದ ಹಾರಿ ನೇರ ಡಿಸ್ಕಿಗೆ ಅಂಟುತ್ತದೆ. ಅದರ ಮರಳು, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡನ್ನು ಉಜ್ಜುಕಾಗದದ ಹಾಗೆ ತಿನ್ನುತ್ತದೆ. ಮೊದಲ ಮಳೆಗಾಲದಲ್ಲಿ ನನ್ನ ಹಿಂದಿನ ಪ್ಯಾಡ್ ಆರೇ ವಾರಕ್ಕೆ ಮುಗಿಯಿತು. ಅಗ್ಗದ ಕೇಬಲ್ ಡಿಸ್ಕ್ ಬ್ರೇಕಿನಲ್ಲಿ ಒಂದು ಬದಿಯ ಪ್ಯಾಡ್ ಮಾತ್ರ ಒತ್ತುತ್ತದೆ, ಇನ್ನೊಂದು ಸುಮ್ನೆ ನಿಂತಿರುತ್ತದೆ. ಸವೆದ ಹಾಗೆ ಅದನ್ನು ಕೈಯಿಂದ ಹತ್ತಿರ ತರಬೇಕು. ನನಗೆ ಅದು ಗೊತ್ತಿರಲಿಲ್ಲ. 2022ರ ಜುಲೈನಲ್ಲಿ ಮಡಿಕೇರಿಯಿಂದ ಇಳಿಯುವಾಗ ಎರಡೂ ಲಿವರ್ ಹ್ಯಾಂಡಲ್‌ಗೆ ತಾಗುವವರೆಗೆ ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಎದುರಿಗೆ ಬಸ್ಸು. ರಸ್ತೆ ಬದಿಯ ಕಾಡುಗಿಡದ ಪೊದೆಗೆ ನುಗ್ಗಿಸಿ ಉಳಿದುಕೊಂಡೆ. ಅವತ್ತು ಮನೆಗೆ ನಡೆದುಕೊಂಡೇ ಬಂದೆ.

ಆಮೇಲೆ ಎಣ್ಣೆಯ ಬ್ರೇಕ್ ಹಾಕಿಸಿದೆ, ಅಂದರೆ ಹೈಡ್ರಾಲಿಕ್. ಜೋಡಿಗೆ 4,200 ರೂಪಾಯಿ. ಇದರಲ್ಲಿ ಎರಡೂ ಬದಿಯ ಪ್ಯಾಡ್ ಒಟ್ಟಿಗೆ ಒತ್ತುತ್ತವೆ, ಸವೆದ ಹಾಗೆ ತಾನೇ ಮುಂದೆ ಬರುತ್ತವೆ. ಎರಡು ಬೆರಳು ಸಾಕು. ಪ್ಯಾಡ್ ಮಾತ್ರ ಈಗಲೂ ಮಳೆಗಾಲಕ್ಕೆ ಒಂದು ಜೊತೆ ಬೇಕೇ ಬೇಕು. ಲೋಹ ಬೆರೆಸಿದ ಪ್ಯಾಡ್ ಜಾಸ್ತಿ ಬಾಳುತ್ತದೆ, ಆದರೆ ಎಲ್ಲ ಡಿಸ್ಕಿಗೂ ಅದು ಆಗುವುದಿಲ್ಲ. ಡಿಸ್ಕಿನ ಮೇಲೆ ಬರೆದಿರುತ್ತದೆ, ಓದಿ ತಗೊಳ್ಳಿ.

ವಾರಂಟಿ ವಿಷಯದಲ್ಲಿ ನನಗೆ ಬೇಸರವಿದೆ. ಎಂಟನೇ ತಿಂಗಳಿಗೆ ಪೆಡಲ್ ನಡುವಿನ ಬೇರಿಂಗ್ ಅಲುಗಾಡತೊಡಗಿತು. ಕೊಂಡ ಅಂಗಡಿಗೆ ಎರಡು ಸಲ ಹೊತ್ತುಕೊಂಡು ಹೋದೆ. ನೀರು ಹೋಗಿದೆ, ವಾರಂಟಿ ಇಲ್ಲ ಅಂದರು. ಮಳೆಯಲ್ಲಿ ಓಡಿಸುವವರಿಗೆ ಮಾರುವಾಗ ಇದನ್ನು ಮೊದಲೇ ಹೇಳಬೇಕಿತ್ತು. ಕೊನೆಗೆ ಮಡಿಕೇರಿಯಲ್ಲಿ ಬೈಕ್, ಸೈಕಲ್ ಎರಡೂ ರಿಪೇರಿ ಮಾಡುವ ಹುಡುಗನೊಬ್ಬ ನೋಡಿದ. "ಅಣ್ಣಾ, ಗುಂಡು ಬಿಡಿಬಿಡಿ ಇರೋದು ಬೇಡ. ಪೂರ್ತಿ ಮುಚ್ಚಿದ್ದು ಬರುತ್ತೆ, ಅದನ್ನೇ ಹಾಕೋಣ" ಅಂದ. 850 ರೂಪಾಯಿ ಆಯಿತು. ಮೂರು ವರ್ಷವಾಯಿತು, ಇವತ್ತಿಗೂ ಸದ್ದಿಲ್ಲ.

ಇನ್ನು ಎಲ್ಲಿ ಓಡಿಸುತ್ತೇನೆ ಅಂತ ಹೇಳದೆ ಹೋದರೆ ಈ ಸೈಕಲ್ ಬಗ್ಗೆ ಹೇಳಿದ್ದು ಅರ್ಧವೇ ಆಗುತ್ತದೆ. ನನಗೆ ಅತಿ ಇಷ್ಟದ ಹೊತ್ತು ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದ ಮೇಲಿನ ವಾರ. ಎಂಟು ಹತ್ತು ದಿನಕ್ಕೆ ರೊಬಸ್ಟಾ ಕಾಫಿ ತೋಟ ಬೆಳ್ಳಗಾಗುತ್ತದೆ. ಬೆಳಿಗ್ಗೆ ಏಳಕ್ಕೆ ನಾಪೋಕ್ಲು ರಸ್ತೆಯಲ್ಲಿ ಹೊರಟರೆ ಕಿಲೋಮೀಟರುಗಟ್ಟಲೆ ಆ ಘಮದೊಳಗೇ ಹೋಗುತ್ತೇವೆ. ಕಾರಿನಲ್ಲಿ ಹೋದರೆ ಅದು ಸಿಗುವುದಿಲ್ಲ. ಕಕ್ಕಬ್ಬೆವರೆಗೆ ಹೋಗಿ, ನಾಲ್ಕುನಾಡು ಅರಮನೆ ನೋಡಿ ಮಧ್ಯಾಹ್ನಕ್ಕೆ ವಾಪಸ್ ಬರಬಹುದು. ಸಿದ್ದಾಪುರ, ಅಮ್ಮತ್ತಿ ಕಡೆ ಮಾತ್ರ ಚೆನ್ನಾಗಿ ಬೆಳಕಾದ ಮೇಲೆ ಹೊರಡಿ, ಸಂಜೆ ಐದರೊಳಗೆ ಮನೆ ಸೇರಿ. ತೋಟದಲ್ಲಿ ಆನೆ ಇರುತ್ತದೆ. ಸೈಕಲ್ ಸದ್ದು ಮಾಡುವುದಿಲ್ಲ, ಆನೆಗೂ ನಿಮಗೂ ಒಬ್ಬರಿಗೊಬ್ಬರು ಗೊತ್ತಾಗುವಷ್ಟರಲ್ಲಿ ತೀರಾ ಹತ್ತಿರ ಬಂದಿರುತ್ತೀರಿ.

ಸಣ್ಣ ಮಕ್ಕಳಿದ್ದರೆ, ಹೊಸದಾಗಿ ಕಲಿಯುವವರಿದ್ದರೆ ಕುಶಾಲನಗರದ ಕಡೆ ಹಾರಂಗಿ ಕಾಲುವೆ ಪಕ್ಕದ ಮಣ್ಣುದಾರಿಗೆ ಕರೆದುಕೊಂಡು ಹೋಗಿ. ರೈಲಿನ ಹಾಗೆ ನೀರಿಗೂ ಏರು ಹತ್ತಲು ಬರುವುದಿಲ್ಲ. ಅದಕ್ಕೇ ಕಾಲುವೆ ಗುಡ್ಡ ಬಳಸಿಕೊಂಡು, ಕಣ್ಣಿಗೆ ಕಾಣದಷ್ಟು ನಿಧಾನ ಇಳಿಯುತ್ತಾ ಹೋಗುತ್ತದೆ. ಪಕ್ಕದ ದಾರಿಯೂ ಹಾಗೇ. ಒಟಾಗೊದಲ್ಲಿ ತುಳಿದ ಆ ಸಲೀಸು ನನಗೆ ಕೊಡಗಿನಲ್ಲಿ ಸಿಕ್ಕಿದ್ದು ಇಲ್ಲೊಂದೇ ಕಡೆ. ಕಾಲುವೆಗೆ ತಡೆ ಇಲ್ಲದ ಜಾಗವಿದೆ, ಮಕ್ಕಳನ್ನು ನೀರಿನ ಬದಿಗೆ ಬಿಡದೆ ಒಳಬದಿಗೆ ಇಟ್ಟುಕೊಳ್ಳಿ. ಗುಂಡಿಗಳೂ ಇವೆ.

ಇದೇ ಸೈಕಲ್ ಮತ್ತೆ ಕೊಳ್ಳುತ್ತೀರಾ ಅಂತ ಕೇಳಿದರೆ, ಫ್ರೇಮ್ ನೋಡಿ ಹೌದು ಅನ್ನುತ್ತೇನೆ. ಆದರೆ ಬೆಲೆ 19,500 ಅಂತ ಲೆಕ್ಕ ಹಾಕಬೇಡಿ. ಗೇರು, ಬ್ರೇಕು, ಬೇರಿಂಗ್ ಸೇರಿ ನನಗೆ 26,000 ದಾಟಿತು. ಅಷ್ಟೇ ದುಡ್ಡಿಗೆ ಎಣ್ಣೆಯ ಬ್ರೇಕ್, 34 ಹಲ್ಲು ಎರಡೂ ಇರುವ ಸೈಕಲ್ ಸಿಕ್ಕರೆ ಅದನ್ನೇ ತಗೊಳ್ಳಿ. ನನ್ನದು ಸದ್ಯಕ್ಕೆ ಜಗಲಿಯಲ್ಲಿದೆ. ಮಳೆ ನಿಂತಿದೆ, ಕೆಸರು ತೊಳೆದು ಚೈನಿಗೆ ಎಣ್ಣೆ ಬಿಟ್ಟಿದ್ದೇನೆ. ಭಾನುವಾರ ಮಗಳನ್ನು ಅವಳ ಸಣ್ಣ ಸೈಕಲ್ ಸಮೇತ ಹಾರಂಗಿಗೆ ಕರೆದುಕೊಂಡು ಹೋಗುತ್ತಿದ್ದೇನೆ.